ಹಳೆಯ ಲೆನ್ಸ್ ಹಾಕುವವರೇ, ಮೊದಲು ಅಡಾಪ್ಟರಿನ ದಪ್ಪ ಅಳೆಯಿರಿ

ಕೈಯಿಂದ ಫೋಕಸ್ ಮಾಡುವ ಹಳೆಯ ಮ್ಯಾನುಯಲ್ ಲೆನ್ಸನ್ನು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗೆ ಜೋಡಿಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದ ನಷ್ಟ ನಿಮಗಾಗುವುದು ಬೇಡ.

ಮೂಡಿಗೆರೆ ಹತ್ತಿರ ಅಜ್ಜಿಯ ಕಾಫಿ ತೋಟವಿತ್ತು. ಮಾರಾಟದ ಮಾತುಕತೆ ಮುಗಿದಿತ್ತು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ಒಂಬತ್ತನೆಯ ದಿನ ಇಡೀ ಇಳಿಜಾರು ಬೆಳ್ಳಗಾಯಿತು. ಕಾಫಿ ಹೂವು ನಿಲ್ಲುವುದು ಎರಡು ಮೂರು ದಿನ. ನಮ್ಮ ಪಾಲಿಗೆ ಅದೇ ಕೊನೆಯ ಹೂವು.

ಚಿಕ್ಕಪ್ಪನ ಹಳೆಯ ನಿಕಾನ್ 50 ಮಿ.ಮೀ. ಲೆನ್ಸನ್ನು ನನ್ನ ಸೋನಿ ಕ್ಯಾಮೆರಾಗೆ ಹಾಕಿಕೊಂಡು ಹೋದೆ. ಎರಡನ್ನೂ ಜೋಡಿಸುವ ಲೋಹದ ಬಳೆ, ಅಂದರೆ ಅಡಾಪ್ಟರ್, ಅಗ್ಗದ್ದು; ಆನ್‌ಲೈನಿನಲ್ಲಿ ತರಿಸಿದ್ದು. ಮನೆಯಲ್ಲಿ ಲೋಟ, ಅಂಗಳದ ದಾಸವಾಳ ಎಲ್ಲವನ್ನೂ ತೆಗೆದು ನೋಡಿದ್ದೆ. ಎಸಳಿನ ನರವೂ ಎಣಿಸುವಂತೆ ಬಂದಿತ್ತು.

ತೋಟದಲ್ಲಿ ಅಜ್ಜಿ ನಲವತ್ತು ಹೆಜ್ಜೆ ದೂರದಲ್ಲಿ, ಹೂವಿನ ಸಾಲುಗಳ ನಡುವೆ ಸೆರಗು ಹೊದ್ದು ನಿಂತರು. ಹಿಂದೆ ಸಿಲ್ವರ್ ಓಕ್ ಮರಗಳು, ಅದರಾಚೆ ಬೆಟ್ಟ. ಫೋಕಸ್ ರಿಂಗ್ ಕೊನೆಯವರೆಗೆ ತಿರುಗಿ ನಿಂತಿತು. ಪರದೆಯಲ್ಲಿ ಪೀಕಿಂಗಿನ (ಫೋಕಸ್ ಆದ ಅಂಚನ್ನು ಕ್ಯಾಮೆರಾ ತೋರಿಸುವ) ಕೆಂಪು ಗೆರೆಯೂ ಮಿನುಗಿತು. ನಂಬಿದೆ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ) ಅಗಲವಾಗಿ ತೆರೆದು, ಎಫ್/2ರಲ್ಲೇ ನೂರಾರು ಚಿತ್ರ ತೆಗೆದೆ. ರಾತ್ರಿ ಕಂಪ್ಯೂಟರಿನಲ್ಲಿ ತೆರೆದಾಗ ಅಜ್ಜಿಯ ಮುಖದಲ್ಲಿ ಕಣ್ಣೆಲ್ಲಿ, ಕನ್ನಡಕವೆಲ್ಲಿ ಎಂದು ತಿಳಿಯುತ್ತಿರಲಿಲ್ಲ. ಮರುದಿನ ಮತ್ತೆ ಹೋಗುವಷ್ಟರಲ್ಲಿ ಹೂವು ಕಂದತೊಡಗಿತ್ತು.

ಅಡಾಪ್ಟರ್ ಮಾರಿದವರನ್ನು ಕೇಳಿದರೆ, ಹಳೆಯ ಲೆನ್ಸ್‌ಗಳ ಗುಣವೇ ಹಾಗೆ ಎಂದು ಉತ್ತರ ಬಂತು. ಅದು ಸುಳ್ಳು. ಚಿಕ್ಕಮಗಳೂರಿನ ಲೇತ್ ಅಂಗಡಿಯೊಂದರಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಸಿದೆ. ನಿಕಾನ್ ಎಫ್ ಲೆನ್ಸಿನ ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ, ಚಿತ್ರ ಹಿಡಿಯುವ ಸೆನ್ಸರಿನಿಂದ 46.5 ಮಿ.ಮೀ. ದೂರದಲ್ಲಿರಬೇಕು. ಸೋನಿ ಇ ಮೌಂಟಿನಲ್ಲಿ ಆ ಅಂತರ 18. ಉಳಿದ 28.5 ಮಿ.ಮೀ. ತುಂಬುವುದೇ ಅಡಾಪ್ಟರಿನ ಕೆಲಸ. ನನ್ನದು 28.7 ಇತ್ತು. ಬರೀ 0.2 ಮಿ.ಮೀ.! ಆದರೆ 50 ಮಿ.ಮೀ. ಲೆನ್ಸಿನಲ್ಲಿ ಅಷ್ಟು ಹೆಚ್ಚಾದರೆ ಸುಮಾರು ಹನ್ನೆರಡೂವರೆ ಮೀಟರಿನಾಚೆಗೆ ಫೋಕಸ್ ಹೋಗುವುದೇ ಇಲ್ಲ. ಹತ್ತಿರದ ದಾಸವಾಳದಲ್ಲಿ ಈ ದೋಷ ಕಾಣುವುದಾದರೂ ಹೇಗೆ? ಅಪರ್ಚರನ್ನು ಕಿರಿದಾಗಿಸಿ ಎಫ್/8ಕ್ಕೆ ಇಳಿಸಿದ್ದರೆ ಬಹುಪಾಲು ಮುಚ್ಚಿಹೋಗುತ್ತಿತ್ತು, ಅದು ನನಗೆ ಆಗ ಹೊಳೆಯಲಿಲ್ಲ.

ಅಡಾಪ್ಟರ್ ಕೈಗೆ ಬಂದ ದಿನವೇ ದೂರದ ಮೊಬೈಲ್ ಟವರನ್ನೋ ಬೆಟ್ಟದ ಸಾಲನ್ನೋ ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದು, ಹಿಗ್ಗಿಸಿ ನೋಡಿ. ಪೀಕಿಂಗನ್ನು ಮಾತ್ರ ನೆಚ್ಚಬೇಡಿ. ಅಡಾಪ್ಟರ್ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿದ್ದರೆ ಚಿಂತೆಯಿಲ್ಲ, ರಿಂಗ್ ಅನಂತದ (∞) ಗುರುತಿಗಿಂತ ಸ್ವಲ್ಪ ಮೊದಲೇ ದೂರದ್ದು ಸ್ಪಷ್ಟವಾಗುತ್ತದೆ, ಅಷ್ಟೇ. ರಿಂಗ್ ಕೊನೆ ಮುಟ್ಟಿದರೂ ದೂರದ್ದು ಮಸುಕಾಗಿಯೇ ಇದ್ದರೆ ಅಡಾಪ್ಟರ್ ದಪ್ಪವಾಗಿದೆ, ಹಿಂತಿರುಗಿಸಿ. ಮನೆಯಲ್ಲಿ ಉಜ್ಜಿ ತೆಳುಮಾಡಲು ಹೋಗಬೇಡಿ; ಒಂದು ಬದಿ ಓರೆಯಾಗುತ್ತದೆ, ಲೋಹದ ಪುಡಿ ಸೆನ್ಸರಿನ ಮೇಲೆ ಬೀಳುತ್ತದೆ.

ಅಜ್ಜಿ ಈಗ ನಮ್ಮ ಜೊತೆಗಿದ್ದಾರೆ. ತೋಟದ ಚಿತ್ರವೊಂದನ್ನು ಗೋಡೆಗೆ ಹಾಕು ಎಂದು ಎರಡು ಸಲ ಕೇಳಿದರು. ಗೇಟಿನ ಬಳಿ ತೆಗೆದ, ಜೇನುನೊಣ ಕೂತ ಒಂದು ರೆಂಬೆಯ ಚಿತ್ರ ಹಾಕಿದ್ದೇನೆ. ಸ್ಪಷ್ಟವಾಗಿ ಬಂದದ್ದು ಅದೊಂದೇ.