ಪಿಸಿಎಂಬಿನಾ, ಪಿಸಿಎಂಸಿನಾ? ಮುಂದಿನ ಕೋರ್ಸ್ ಏನು ಕೇಳುತ್ತೆ ಅಂತ ಮೊದಲು ನೋಡಿ

ಪಿಯುಸಿ ಸೈನ್ಸ್ ಸೇರುವವರು ಈ ಎರಡರ ನಡುವೆ ಜಾಸ್ತಿ ಒದ್ದಾಡುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎರಡರಲ್ಲೂ ಇವೆ. ವ್ಯತ್ಯಾಸ ಇರುವುದು ನಾಲ್ಕನೆಯದರಲ್ಲಿ: ಜೀವಶಾಸ್ತ್ರವೋ, ಕಂಪ್ಯೂಟರ್ ಸೈನ್ಸೋ.

ಬಿಇ ಕಂಪ್ಯೂಟರ್ ಸೈನ್ಸ್ ಸೀಟಿಗೆ ಪಿಯುಸಿಯಲ್ಲೂ ಅದನ್ನೇ ಓದಿರಬೇಕು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಆ ಮೂರು ವಿಷಯಗಳ ಅಂಕ ಮಾತ್ರ. ಪಿಸಿಎಂಬಿ ಓದಿದವರೂ ಧಾರಾಳವಾಗಿ ಸೇರಬಹುದು. ಪಿಸಿಎಂಸಿಯವರಿಗೆ ಕೋಡಿಂಗ್ ಮೊದಲೇ ಪರಿಚಯ ಇರುತ್ತೆ, ಅದೊಂದು ಅನುಕೂಲ ಅಷ್ಟೇ.

ತಿರುಗಿಸಿ ನೋಡಿದರೆ ಕಥೆ ಬೇರೆ. ಎಂಬಿಬಿಎಸ್, ಆಯುರ್ವೇದ, ಪಶುವೈದ್ಯಕೀಯ, ಬಿಎಸ್ಸಿ ಕೃಷಿ, ಇವೆಲ್ಲಕ್ಕೂ ಜೀವಶಾಸ್ತ್ರ ಬೇಕು. ನೀಟ್‌ನ 720 ಅಂಕಗಳಲ್ಲಿ 360 ಅದರದ್ದೇ. ಪಿಯುಸಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ನೀಟ್‌ಗೆ ಕೂರಲು 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ದಾರಿ ಮಾಡಿದೆ ನಿಜ. ಆದರೆ ಅದನ್ನೇ ನೆಚ್ಚಿಕೊಂಡು ಪಿಸಿಎಂಸಿ ತಗೋಬೇಡಿ. ಬಿ.ಫಾರ್ಮಾಗೆ ಎರಡೂ ನಡೆಯುತ್ತೆ.

ಮನಸ್ಸು ಇನ್ನೂ ಗಟ್ಟಿಯಾಗಿಲ್ಲ ಅಂದರೆ ನಾನು ಪಿಸಿಎಂಬಿಯನ್ನೇ ಹೇಳುತ್ತೇನೆ. ಓದುವ ಹೊರೆ ಜಾಸ್ತಿ, ಚಿತ್ರ ಬರೆದು ಬರೆದು ರೆಕಾರ್ಡ್ ಬುಕ್ ತುಂಬಿಸಬೇಕು, ಆದರೂ ಬಾಗಿಲುಗಳು ತೆರೆದಿರುತ್ತವೆ. ಜೀವಶಾಸ್ತ್ರ ಕಂಡರೇ ಆಗಲ್ಲ, ಇಂಜಿನಿಯರಿಂಗೇ ಗುರಿ ಅನ್ನುವವರು ಸುಮ್ನೆ ಅದನ್ನು ಹೊರಬೇಕಿಲ್ಲ. ಅವರಿಗೆ ಪಿಸಿಎಂಸಿಯೇ ಸರಿ. ಸೇರಿದ ಮೇಲೆ ಕಾಂಬಿನೇಷನ್ ಬದಲಿಸಲು ಎಷ್ಟು ದಿನ ಅವಕಾಶ ಇದೆ ಅಂತ ಮಾತ್ರ ಅಡ್ಮಿಷನ್ ದಿನವೇ ಕಾಲೇಜಿನಲ್ಲಿ ಕೇಳಿಕೊಳ್ಳಿ.