ಪಿಯಾನೋ ಪಿನ್ನಿಗೆ ಎಣ್ಣೆ ಹಾಕೋಕೆ ಯಾರಿಗೂ ಬಿಡಬೇಡಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೀನಿ, ಇನ್ನೊಬ್ಬರ ಪಿಯಾನೋ ಹೀಗೆ ಹಾಳಾಗಬಾರದು.

ನಮ್ಮದು ಹಳೇ ಅಪ್‌ರೈಟ್, ಅಂದ್ರೆ ತಂತಿಗಳು ನೆಟ್ಟಗೆ ನಿಂತಿರೋ ಪಿಯಾನೋ. ಏಳು ವರ್ಷ ಟ್ಯೂನ್ ಮಾಡಿಸಿರಲಿಲ್ಲ, ಅದು ನನ್ನದೇ ತಪ್ಪು. ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಇಳಿದಿತ್ತು. ಪರಿಚಯದವರು ಹೇಳಿದ್ರು ಅಂತ ಒಬ್ಬ ಟ್ಯೂನರ್‌ನ ಕರೆಸಿದೆ. ಪ್ರತಿ ತಂತಿಯ ತುದಿ ಒಂದು ಪಿನ್ನಿಗೆ ಸುತ್ತಿರುತ್ತೆ, ಅದನ್ನ ತಿರುಗಿಸಿಯೇ ತಂತಿ ಬಿಗಿಯೋದು. ತಿರುಗಿಸೋ ಹಿಡಿಕೆ ಅಂದ್ರೆ ಲಿವರ್ ಹಾಕಿ ತಿರುಗಿಸಿದಾಗ ಕೆಲವು ಪಿನ್ನು ಕಿರ್ ಅಂದ್ವು. "ತುಕ್ಕು ಮೇಡಂ, ಸ್ವಲ್ಪ ಎಣ್ಣೆ ಬಿಟ್ರೆ ಸರಿಹೋಗುತ್ತೆ" ಅಂತ ಬ್ಯಾಗಿಂದ ಸ್ಪ್ರೇ ಡಬ್ಬಿ ತೆಗೆದ. ಒಳಗೆ ಸರಿಯಾಗಿ ಕಾಣಲ್ಲ, ಟಾರ್ಚ್ ಹಿಡೀರಿ ಅಂದ. ಹಿಡಿದೆ. ಒಂದೊಂದೇ ಪಿನ್ನಿನ ಬುಡಕ್ಕೆ ಅವನು ಎಣ್ಣೆ ಹೊಡೀತಾ ಹೋದ, ನಾನು ಬೆಳಕು ಬಿಡ್ತಾ ನಿಂತೆ. ಎಷ್ಟು ಶ್ರದ್ಧೆಯಿಂದ ಮಾಡ್ತಿದ್ದಾನೆ ಅಂತ ಬೇರೆ ಅಂದುಕೊಂಡೆ!

ಮುಕ್ಕಾಲು ಗಂಟೆಗೆ ಕೆಲಸ ಮುಗೀತು. ಸುಮಾರು 230 ತಂತಿ, ಅಷ್ಟು ಇಳಿದ ಶ್ರುತಿ, ಮುಕ್ಕಾಲು ಗಂಟೆ! ಅಷ್ಟು ಇಳಿದಿದ್ರೆ ಎಲ್ಲ ತಂತಿನೂ ಒಂದೇ ಸುತ್ತಲ್ಲಿ ಬಿಗಿದು ಮುಗಿಸೋ ಕೆಲಸ ಅಲ್ಲ. ಮುಂದಿನ ತಂತಿ ಬಿಗಿದ ಹಾಗೆ ಮೊದಲು ಬಿಗಿದದ್ದು ಮತ್ತೆ ಇಳಿಯುತ್ತೆ, ಕಡಿಮೆ ಅಂದ್ರೂ ಎರಡು ಸುತ್ತು ಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ದುಡ್ಡು ಕೊಟ್ಟು ಕಳಿಸಿದೆ.

ನಾಲ್ಕನೇ ದಿನ ನಡುವಿನ ಕೀಗಳು ಅಪಸ್ವರ. ಒಂದು ಸ್ವರಕ್ಕೆ ಮೂರು ತಂತಿ ಇರುತ್ತಲ್ಲ, ಮೂರೂ ಮೂರು ದಿಕ್ಕಿಗೆ. ಫೋನ್ ಮಾಡಿದೆ. "ಹವಾಮಾನ ಮೇಡಂ, ತೇವ ಜಾಸ್ತಿ." ತೇವಕ್ಕೆ ಶ್ರುತಿ ಏರಿಳಿಯುತ್ತೆ, ಒಪ್ತೀನಿ. ಆದರೆ ಒಂದೇ ಕೀಯ ಮೂರು ತಂತಿ ನಾಲ್ಕೇ ದಿನಕ್ಕೆ ಒಂದೊಂದು ಒಂದೊಂದು ಥರ ಜಾರಿಬಿಡುತ್ತಾ? ಮತ್ತೆ ಮಾಡಿದೆ. "ಹಳೇದು ಮೇಡಂ, ಮಾರಿಬಿಡಿ. ನನ್ನ ಹತ್ರ ಒಂದು ಒಳ್ಳೆ ಪಿಯಾನೋ ಇದೆ." ಎಣ್ಣೆ ಹಾಕಿದ್ದು ಯಾಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ ಇದು: "ನೀವೇ ಟಾರ್ಚ್ ಹಿಡ್ಕೊಂಡು ನಿಂತಿದ್ರಲ್ಲ ಮೇಡಂ, ಬೇಡ ಅನ್ನಬಹುದಿತ್ತು."

ಆ ಮಾತು ಇನ್ನೂ ಕಿವಿಯಲ್ಲಿದೆ.

ಆಮೇಲೆ ಬಂದ ಇನ್ನೊಬ್ಬರು ಲಿವರ್ ಇಟ್ಟು ಮುಟ್ಟಿದರಷ್ಟೇ, ಪಿನ್ನು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಅವರು ಹೇಳಿದ್ದು ಇಷ್ಟು: ಗಟ್ಟಿ ಮರದ ಹಲಗೆಗೆ ಬಡಿದು ಕೂರಿಸಿದ ಉಕ್ಕಿನ ಪಿನ್ನು ಅದು. ತಂತಿಗಳ ಒಟ್ಟು ಎಳೆತ 15 ಟನ್ನಿಗೂ ಮೇಲೆ. ಆ ಎಳೆತಕ್ಕೆ ಪಿನ್ನು ತಿರುಗದ ಹಾಗೆ ನಿಲ್ಲಿಸೋದು ಮರದ ಹಿಡಿತ ಒಂದೇ. ಕಿರ್ ಅಂತಿದ್ದದ್ದು ಆ ಹಿಡಿತದ ಸದ್ದು! ಮರ ಒಮ್ಮೆ ಎಣ್ಣೆ ಕುಡಿದರೆ ಹೊರಗೆ ತೆಗೆಯೋಕಾಗಲ್ಲ, ಅಂಟು ಹಾಕಿದರೂ ಸರಿಯಾಗಿ ಹಿಡಿಯಲ್ಲ. ಉಳಿದ ದಾರಿ ತಂತಿಯೆಲ್ಲ ಬಿಚ್ಚಿ ಆ ಮರದ ಹಲಗೆ, ಅಂದ್ರೆ ಪಿನ್ ಬ್ಲಾಕೇ ಬದಲಿಸೋದು. ಅದರ ಖರ್ಚು ಪಿಯಾನೋ ಬೆಲೆಗಿಂತ ಜಾಸ್ತಿ.

ಅದಕ್ಕೇ ಹೇಳ್ತಿದ್ದೀನಿ. ಟ್ಯೂನರ್‌ನ ಕರೆಸೋ ಮೊದಲೇ ಕೇಳಿ, ಶ್ರುತಿ ಇಷ್ಟು ಇಳಿದಿದೆ, ಎಷ್ಟು ಸುತ್ತು ಮಾಡ್ತೀರಿ ಅಂತ. ಕೀ ಬಿಗಿಯಾಗಿದೆ ಅಂತ ಒಳಗೆ ಎಣ್ಣೆ ಬಿಡೋಕೂ ಬಿಡಬೇಡಿ, ಅಲ್ಲಿರೋ ಫೆಲ್ಟ್ (ಉಣ್ಣೆ ಬಟ್ಟೆ) ಉಬ್ಬಿ ಇನ್ನಷ್ಟು ಕಚ್ಚಿಕೊಳ್ಳುತ್ತೆ. ನನ್ನ ಹಾಗೆ ಏಳು ವರ್ಷ ಬಿಡಬೇಡಿ, ವರ್ಷಕ್ಕೆ ಒಂದೆರಡು ಸಲ ಮಾಡಿಸಿ. ಇನ್ನು ಬ್ಯಾಗಿಂದ ಎಣ್ಣೆ ಡಬ್ಬಿ ಹೊರಗೆ ಬಂತೋ, ಟಾರ್ಚ್ ಆರಿಸಿ, ಮುಚ್ಚಳ ಹಾಕಿ, ಮನೆಯಿಂದ ಹೊರಗೆ ಕಳಿಸಿ.