ಒಣ ಅಣಬೆ ಪೊಟ್ಟಣ: ಟ್ರಾಟ್‌ಕಾಂಟರೆಲ್ ಕೊಳ್ಳಬೇಕೋ, ರೋಡ್‌ಗೂಲ್ ಟ್ರುಂಪೆಟ್‌ಸ್ವಾಂಪೋ?

ಸ್ವೀಡನ್ನಿನಲ್ಲಿ ಒಣಗಿಸಿ ಮಾರುವ ಕಾಡಣಬೆಗಳಲ್ಲಿ ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಎರಡೂ ಕ್ರೇಟರೆಲ್ಲಸ್ ಕುಲದವೇ: ಟ್ರಾಟ್‌ಕಾಂಟರೆಲ್ ಎಂದರೆ ಟ್ಯೂಬಿಫಾರ್ಮಿಸ್, ರೋಡ್‌ಗೂಲ್ ಟ್ರುಂಪೆಟ್‌ಸ್ವಾಂಪ್ ಎಂದರೆ ಲುಟೆಸೆನ್ಸ್. ಮರದ ಬೇರಿನ ಜೊತೆ ಕೂಡಿಯೇ ಬೆಳೆಯುವುದರಿಂದ ಶೆಡ್ಡಿನಲ್ಲಿ ಬೆಳೆಸಿದ ಮಾಲು ಸಿಗುವುದಿಲ್ಲ. ಕಾಡಿನಲ್ಲಿ ಆರಿಸಿ ತಂದದ್ದೇ.

ಪೊಟ್ಟಣದ ಮೇಲಿನ ಹೆಸರನ್ನಷ್ಟೇ ನಂಬಬೇಡಿ. ಒಂದು ಅಣಬೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟೋಪಿ ಮಗುಚಿ ನೋಡಿ. ಕವಲೊಡೆದ, ಬೆರಳಿಗೆ ತಾಗುವ ಮಡಿಕೆಗಳು ಕಾಂಡಕ್ಕೂ ಇಳಿದಿದ್ದರೆ ಟ್ರಾಟ್‌ಕಾಂಟರೆಲ್. ಅಡಿ ಬಹುತೇಕ ನುಣುಪಾಗಿ, ಅಲ್ಲಲ್ಲಿ ಸುಕ್ಕುಗಟ್ಟಿದಂತಿದ್ದು, ಕಾಂಡ ಢಾಳಾದ ಕಿತ್ತಳೆ-ಹಳದಿ ಇದ್ದರೆ ಎರಡನೆಯದು. ಎರಡರ ಕಾಂಡವೂ ಕೊಳವೆಯ ಹಾಗೆ ಪೊಳ್ಳು. ಇದನ್ನು ಸೀಳಿ ನೋಡಲೇಬೇಕು. ಏಕೆಂದರೆ ಇವು ಬೆಳೆಯುವ ಪಾಚಿ ಹಾಸಿದ ಸೂಚಿಪರ್ಣಿ ಕಾಡಿನಲ್ಲೇ ಕಾರ್ಟಿನೇರಿಯಸ್ ರುಬೆಲ್ಲಸ್ ಎಂಬ ವಿಷದಣಬೆಯೂ ಏಳುತ್ತದೆ. ಅದರ ಕಾಂಡ ಗಟ್ಟಿ, ಟೋಪಿಯಡಿ ಚಾಕುವಿನಲಗಿನಂಥ ನಿಜವಾದ ಪದರಗಳು. ತಿಂದವರಿಗೆ ದಿನಗಳು, ಒಮ್ಮೊಮ್ಮೆ ವಾರಗಳೇ ಕಳೆದ ಮೇಲೆ ಮೂತ್ರಪಿಂಡ ಕೈಕೊಡುತ್ತದೆ. ಪುಡಿಯಲ್ಲಿ, ಸಣ್ಣಗೆ ಹೆಚ್ಚಿದ ಚೂರಿನಲ್ಲಿ ಇದ್ಯಾವುದನ್ನೂ ನೋಡಲಾಗದು. ಆದ್ದರಿಂದ ಇಡಿಯಾಗಿ ಒಣಗಿಸಿದ್ದನ್ನೇ ಕೊಳ್ಳಿ.

ಘಮದಲ್ಲಿ ಲುಟೆಸೆನ್ಸ್ ಮುಂದು. ಪೊಟ್ಟಣ ಬಿಚ್ಚುತ್ತಲೇ ಮಾಗಿದ ಹಣ್ಣಿನಂಥ ಪರಿಮಳ. ಅದಕ್ಕೆ ಬೆಣ್ಣೆ, ಉಪ್ಪು, ಒಂದು ಚಿಟಿಕೆ ಮೆಣಸಿನಪುಡಿ ಸಾಕು. ಗರಂ ಮಸಾಲೆ ಬಿದ್ದರೆ ಕೊಟ್ಟ ದುಡ್ಡು ದಂಡ. ಟ್ರಾಟ್‌ಕಾಂಟರೆಲ್‌ನದು ಮಣ್ಣಿನ ವಾಸನೆಯ ಗಾಢ ರುಚಿ. ಈರುಳ್ಳಿ, ಬೆಳ್ಳುಳ್ಳಿಗೆ ಅದು ಸೋಲುವುದಿಲ್ಲ. ಪಲ್ಯಕ್ಕೂ ಪಲಾವಿಗೂ ಅದೇ ಸರಿ.

ತಾಜಾ ಒಂದು ಕಿಲೋ ಒಣಗಿದರೆ ಸುಮಾರು 100 ಗ್ರಾಂ ಆಗುತ್ತದೆ. ಹಾಗಾಗಿ 30 ಗ್ರಾಂ ಪೊಟ್ಟಣ ನಾಲ್ವರಿಗೆ ಧಾರಾಳ. 20–30 ನಿಮಿಷ ನೆನೆಸಿ ಹಿಂಡಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಬಟ್ಟೆಯಲ್ಲಿ ಸೋಸಿ ಸಾರಿಗೆ ಹಾಕಿ. ಸೋಸದಿದ್ದರೆ ಪೊಳ್ಳು ಕಾಂಡದಲ್ಲಿ ಸಿಕ್ಕಿಕೊಂಡ ಮರಳು, ಸ್ಪ್ರೂಸ್ ಮರದ ಸೂಜಿಯೆಲೆ ಹಲ್ಲಿಗೆ ಸಿಗುತ್ತವೆ. ಮೊದಲು ಎಣ್ಣೆಯಿಲ್ಲದ ಬಾಣಲೆಯಲ್ಲಿ ನೀರಾರಿಸಿ, ಆಮೇಲೆ ಬೆಣ್ಣೆ ಹಾಕಿ. ಮೊದಲೇ ಬೆಣ್ಣೆ ಬಿದ್ದರೆ ಹುರಿಯುವುದಿಲ್ಲ, ಬೇಯುತ್ತದೆ, ತಿನ್ನುವಾಗ ರಬ್ಬರು.

ಬೆಲೆ ಒಂದೇ ಇದ್ದರೆ ಲುಟೆಸೆನ್ಸ್ ತಗೊಳ್ಳಿ. ದುಪ್ಪಟ್ಟು ಹೇಳಿದರೆ, ದಿನದ ಅಡುಗೆಗೆ ಟ್ರಾಟ್‌ಕಾಂಟರೆಲ್ಲೇ ಲಾಭ. ಯಾವುದೇ ಆದರೂ ಮುರಿದರೆ ಹಪ್ಪಳದಂತೆ ಚಟ್ಟೆನ್ನಬೇಕು. ಬಳುಕಿದರೆ ತೇವ ಉಳಿದಿದೆ, ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ.